ವಾಸಿಯಾಗುವ ಮೊದಲೇ ಹೇಳಿದ ಸಾಕ್ಷಿ

ವಿಶ್ವಾಸದಲ್ಲಿ ನನ್ನ ಜೊತೆ ನಡೆಯುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಈ ವರ್ಷ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನನ್ನ ಯಜಮಾನರ ಎಡಗಾಲಿನ ಕಿರುಬೆರಳಿಗೆ ಹೊಸ ಚಪ್ಪಲಿ ಕಚ್ಚಿ ಗಾಯವಾಯಿತು. ಅವರು ಭಾಲ್ಕಿಯಲ್ಲಿ ಶಾಲಾ ಶಿಕ್ಷಕರು. ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇದೆ. ದಿನಾ ಬೆಳಿಗ್ಗೆ ರೊಟ್ಟಿ ಬಡಿದಾದ ಮೇಲೆ ಕಾಸಿ ಆರಿಸಿದ ನೀರಿನಲ್ಲಿ ಗಾಯ ತೊಳೆದು, ಪಟ್ಟಿ ಕಟ್ಟಿ, ಪ್ರಾರ್ಥಿಸುತ್ತಿದ್ದೆ. ಒಂದು ಶನಿವಾರ ಅವರು, "ನೋವು ಏನೂ ಇಲ್ಲ ನೋಡು" ಎಂದರು. ನನಗೆ ಅಷ್ಟೇ ಸಾಕಾಯಿತು. ಮರುದಿನ ಆರಾಧನೆಯಲ್ಲಿ ಎದ್ದು ನಿಂತು, "ಕರ್ತನು ನನ್ನ ಯಜಮಾನರನ್ನು ಪೂರ್ಣ ವಾಸಿಮಾಡಿದ್ದಾನೆ" ಎಂದು ಸಾಕ್ಷಿ ಹೇಳಿದೆ. ಗಾಯ ಇನ್ನೂ ಹಸಿಯಾಗಿತ್ತು. ಆಗಿದೆ ಎಂದು ಬಾಯಿಂದ ಹೇಳಿದರೆ ಆಗಿಯೇ ತೀರುತ್ತದೆ, ಅದೇ ವಿಶ್ವಾಸ ಎಂದುಕೊಂಡಿದ್ದೆ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ನನಗೆ ಹಿತವಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಸಂಜೆಯೊಳಗೆ ಔರಾದಿನಲ್ಲಿರುವ ನಾದಿನಿಯ ಫೋನು ಬಂತು. "ವೈನಿ, ಅಣ್ಣಾಗ ಆರಾಮ ಆಗ್ಯಾದಂತಲ್ಲ! ಬರೋ ಭಾನುವಾರ ಇಬ್ರೂ ಬಂದು ನಮ್ಮ ಚರ್ಚಿನಾಗೂ ಸಾಕ್ಷಿ ಹೇಳ್ರಿ."

ಹೂಂ ಎಂದೆ. ಆ ವಾರ ಪೂರ್ತಿ ನಾನು ಬದುಕಿದ್ದು ಬರುವ ಭಾನುವಾರದಲ್ಲೇ. ಹಾಲು ಉಕ್ಕಿ ಹೋಗುತ್ತಿತ್ತು, ರೊಟ್ಟಿ ಹೊತ್ತುತ್ತಿತ್ತು. ತಲೆಯಲ್ಲಿ ಮಾತ್ರ ಅಲ್ಲಿ ಏನು ಹೇಳಲಿ, ಯಾವ ಸೀರೆ ಉಡಲಿ ಎಂಬುದೇ. ದವಾಖಾನೆಗೆ ಹೋಗೋಣ ಎಂದು ಅವರು ಅಂದರೆ, ಸಭೆಯವರು ಯಾರಾದರೂ ಕಂಡಾರು ಎಂದು ತಡೆದೆ.

ಭಾನುವಾರ ಪಟ್ಟಿ ಯಾರಿಗೂ ಕಾಣಬಾರದೆಂದು ಅದನ್ನು ಬಿಚ್ಚಿ, ಕಾಲುಚೀಲ ಏರಿಸಿ ಬೂಟು ಹಾಕಿಸಿದೆ. ಅವರು ನಕ್ಕರು. "ನಿನ್ನ ಸಾಕ್ಷಿ ಉಳೀಲಿ, ನನ್ನ ಬೆರಳು ಹೋಗ್ಲಿ. ಹೌದಲ್ಲ?" ನನಗೆ ನಗು ಬರಲಿಲ್ಲ.

ಔರಾದಿನಲ್ಲಿ ಸಾಕ್ಷಿ ಹೇಳಿ, ಬಸ್ಸಿನಲ್ಲಿ ನಿಂತೇ ಮನೆಗೆ ಬಂದು ಬೂಟು ತೆಗೆದರೆ ಕಾಲುಚೀಲ ಕೀವಿನಿಂದ ತೊಯ್ದಿತ್ತು. ಬೆರಳು ಊದಿಕೊಂಡಿತ್ತು.

ಮರುದಿನ ಗುರುತಿನವರು ಇರಲಾರರೆಂದು ಬೀದರಿನ ದವಾಖಾನೆಗೆ ಹೋದೆವು. ಡಾಕ್ಟರಮ್ಮ, "ಯಾವಾಗಿನಿಂದ ಹಿಂಗದರಿ?" ಎಂದು ಕೇಳಿದರು.

"ನಿನ್ನಿ ಬೂಟು ಕಚ್ಚ್ಯಾದರಿ," ಎಂದೆ. ಯಜಮಾನರು ನನ್ನ ಮುಖ ನೋಡಿದರು. ನನ್ನ ಮಾತು ನಂಬಿ ಡಾಕ್ಟರು ಗಾಯ ತೊಳೆದು, ಗುಳಿಗೆ ಬರೆದು, ವಾರದ ನಂತರ ಬರಲು ಹೇಳಿದರು.

ಭಾಲ್ಕಿ ಬಸ್ಸು ಹತ್ತಿ ಕುಳಿತೆವು. ಕಣ್ಣು ಮುಚ್ಚಿದೆ, ಪ್ರಾರ್ಥನೆ ಬರಲಿಲ್ಲ. ಬರುವ ಭಾನುವಾರದೊಳಗೆ ವಾಸಿಮಾಡು ಎಂದು ಕೇಳಲು ಆಗಲಿಲ್ಲ. ಕೊನೆಗೆ ಬಂದದ್ದು ಇಷ್ಟೇ: "ಸ್ವಾಮೀ, ಇವರ ಕಾಲು ಈಗ ಕೊಳೆಯುತ್ತಿದೆ. ನಾನು ಸುಳ್ಳು ಹೇಳುತ್ತಿದ್ದೇನೆ." ಯಾರೋ ರಟ್ಟೆ ಹಿಡಿದು ಎಬ್ಬಿಸಿದಂತಾಯಿತು. ಎದ್ದುಬಿಟ್ಟೆ.

"ಅಕ್ಕಾ, ಈಗರ ಹತ್ತೀರಲ್ಲ, ಏನು ಮರ್ತ್ರಿ?" ಎಂದು ಕಂಡಕ್ಟರ್ ಕೇಳಿದರು.

ಯಜಮಾನರೇ ಉತ್ತರ ಕೊಟ್ಟರು: "ಮರ್ತಿಲ್ಲರಿ. ಆಕಿಗಿ ಈಗ ನೆನಪಾಗ್ಯಾದ."

ಬಸ್ಸು ಇಳಿದು ದವಾಖಾನೆಗೆ ಮರಳಿ ಹೋಗಿ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ಗಾಯ ಹಳೆಯದೆಂದು, ಬೂಟು ಹಾಕಿಸಿದ್ದು ನಾನೆಂದು, ಯಾಕೆಂದು. ಅವರು ಬೈದರು. "ನೋವಿಲ್ಲಂದ್ರ ಆರಾಮ ಅಲ್ಲಮ್ಮಾ. ಸಕ್ಕರಿ ಬ್ಯಾನಿಯಾಗ ಕಾಲಿನ ನರಕ್ಕ ನೋವೇ ತಿಳಿಯೂದಿಲ್ಲ. ಅದೇ ಅಂಜಿಕಿ." ಕೂಡಲೇ ಎಕ್ಸ್-ರೇ ಮಾಡಿಸಿದರು. ಕೀವು ಎಲುಬಿಗೆ ಇಳಿದಿತ್ತು. ಅವತ್ತೇ ಭರ್ತಿ ಮಾಡಿಕೊಂಡರು. ಬೆರಳು ಹೋಯಿತು, ಪಾದ ಉಳಿಯಿತು. ವಾರ ಬಿಟ್ಟು ಬಂದಿದ್ದರೆ ಪಾದವೂ ಉಳಿಯುತ್ತಿರಲಿಲ್ಲ ಎಂದರು. ಗಾಯ ಒಣಗಿಸೆಂದು ನಾನು ಬೇಡಿದ್ದೆ. ದೇವರು ನನ್ನ ಬಾಯಿ ತೆರೆಸಿ ಆ ಕಾಲು ಉಳಿಸಿದನು. ಅವನಿಗೆ ಸ್ತೋತ್ರ.

ಮನೆಗೆ ಬಂದ ಮೇಲಿನ ಭಾನುವಾರ ಭಾಲ್ಕಿಯ ಸಭೆಯಲ್ಲಿ ಇದನ್ನೇ ಹೇಳಿದೆ. ಗಾಯ ಇವತ್ತಿಗೂ ಪೂರ್ತಿ ಒಣಗಿಲ್ಲ ಎಂದೂ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಹೊರಟ ಮೇಲೆ ನಮ್ಮ ಸ್ತ್ರೀ ಸಂಘದ ಹಿರಿಯ ಅಕ್ಕ ಒಬ್ಬರು ಬಂದು ನನ್ನ ಕೈ ಹಿಡಿದುಕೊಂಡರು.

"ನಮ್ಮ ಹುಡುಗ ಕುಡಿಯೋದು ಬಿಟ್ಟಾನಂತ ಸಾಕ್ಷಿ ಹೇಳಿದ್ದೆನಲ್ಲವ್ವಾ… ಬಿಟ್ಟಿಲ್ಲ. ಈಗೂ ಕುಡ್ದು ಮನ್ಯಾಗ ಮಲಗ್ಯಾನ."

ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕುಳಿತು, ಆ ಹೊತ್ತು ಕುಡಿದು ಮಲಗಿದ್ದ ಮಗನಿಗಾಗಿ ಪ್ರಾರ್ಥಿಸಿದೆವು.