ಸ್ಟೇಷನ್ನಿನಾಗ ಸಿಕ್ಕ ಕರಡಿಗಿ

ಅಕ್ಕತಂಗ್ಯಾರ, ಇವತ್ತು ಒಬ್ಬಾಕಿ ಪೊಲೀಸಾಕಿಗೆ ಬೈದು, ಆಮ್ಯಾಲೆ ಆಕಿಗೇ ಕೈ ಮುಗದು ಬಂದೇನಿ.

ಹಾನಗಲ್ ಬಸ್‌ಸ್ಟ್ಯಾಂಡಿನ ಗದ್ದಲದಾಗ ಕೊರಳಿನ ದಾರ ಹರದು ನನ್ನ ಇಷ್ಟಲಿಂಗ ಇಡೂ ಬೆಳ್ಳಿ ಕರಡಿಗಿ ಬಿದ್ದಿತ್ತು. ಲಿಂಗ ಮೈಮ್ಯಾಲೆ ಇಲ್ಲದಾಗ ನಾನು ನೀರೂ ಕುಡಿಯೂದಿಲ್ಲ. ಯಾರೋ ಅದನ್ನ ಪೊಲೀಸ್ ಸ್ಟೇಷನ್ನಿಗೆ ಕೊಟ್ಟಾರಂತ ಕಂಡಕ್ಟರ್ ಹೇಳಿದ್ರು, ಓಡಿದೆ.

ಅಲ್ಲಿ ಕಾನ್‌ಸ್ಟೇಬಲ್ ಹುಡುಗಿ ಅದನ್ನ ಕರ್ಚೀಫಿನಾಗ ಸುತ್ತಿ ಕಪಾಟಿನ ಮ್ಯಾಲೆ ಇಡಾಕತ್ತಿದ್ಲು. ಈ ವಾರ ಮಗಳ ಜೋಡಿ ಇಂಗ್ಲೆಂಡಿನ ಒಂದು ಕೊಲಿ ಸಿನಿಮಾದ ಮೂರೂ ಭಾಗ ನೋಡೇನಿ. ಅದರಾಗ ಪೊಲೀಸರೇ ಸಾಕ್ಷಿ ಮುಚ್ಚಿಡತಾರ. "ಯಾಕವಾ, ನನ್ನ ದೇವರನ್ನ ಬಚ್ಚಿಡತಿ? ಸಿನಿಮಾದಾಗ ನೋಡೇನಿ ನಿಮ್ಮ ಆಟ!" ಅಂತ ಚೀರಿದೆ.

"ಬಚ್ಚಿಡಾಕತ್ತಿಲ್ರಿ ಅವ್ವಾರ. ಬೂಟಿನ ಕಾಲು ಓಡಾಡೂ ಜಾಗ, ಅದಕ್ಕ ಎತ್ತರದಾಗ ಇಡಾಕತ್ತೇನಿ," ಅಂದ್ಲು. ನೋಡಿದ್ರ ಆಕಿ ತನ್ನ ಬೂಟು ಬಿಚ್ಚಿ ಬರಿಗಾಲಲೆ ನಿಂತಿದ್ಲು. ನನಗ ಕಣ್ಣೀರು ತಡೀಲಿಲ್ಲ; ಕರಡಿಗಿ ಇಸಗೊಂಡು ಆಕಿಗೆ ಕೈ ಮುಗದೆ.

"ಯಾವ ಸಿನಿಮಾರಿ?" ಅಂತ ಕೇಳಿದ್ಲು. ಹೆಸರು ಹೇಳಿದೆ. "ಅಯ್ಯ, ನಾನೂ ಅದನ್ನ ನೋಡಾಕತ್ತೇನ್ರಿ! ಇನ್ನೂ ಎರಡನೇ ಭಾಗ. ಕೊಲಿ ಮಾಡಿದವ್ರು ಪೊಲೀಸರಂತೂ ಅಲ್ಲಲ್ಲರಿ?"

ಶಿವ ಆಕಿನ್ನ ತಣ್ಣಗ ಇಟ್ಟಿರಲಿ. ನಾ ಬಾಯಿ ಬಿಡಲಿಲ್ಲ. ಇವತ್ತು ಆ ಸ್ಟೇಷನ್ನಿನಾಗ ಸತ್ಯ ಮುಚ್ಚಿಟ್ಟಾಕಿ ನಾನೊಬ್ಬಾಕಿನ.