ಆಣೆ ಇಡದ ಸಾಕ್ಷಿ

ಎರಡು ವರ್ಷದ ಹಿಂದಿನ ಮಾತು. ಜುಲೈ ತಿಂಗಳು, ನೈರೋಬಿಯಲ್ಲಿ ಬೆಳಿಗ್ಗೆ ಸ್ವೆಟರ್ ಇಲ್ಲದೆ ಹೊರಗೆ ಹೋಗಲಾಗದ ಕಾಲ. ನನ್ನ ಊರು ಹಾಸನ. ಇಲ್ಲಿ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಪಂಪ್ ಕಂಪನಿಯಲ್ಲಿ ಸರ್ವಿಸ್ ಮ್ಯಾನೇಜರ್ ಆಗಿದ್ದೇನೆ. ಆ ಒಂದು ತಿಂಗಳಲ್ಲಿ ಒಬ್ಬರು ನನ್ನ ತಲೆ ಕೆಡಿಸಿದಷ್ಟು ನನ್ನ ಜೀವಮಾನದಲ್ಲಿ ಇನ್ಯಾರೂ ಕೆಡಿಸಿಲ್ಲ. ಆ ಪುಣ್ಯಾತ್ಮರ ಹೆಸರು ಯಾಕೋಬ್.

ಯಾಕೋಬ್ ಕೆನಡಾದವರು, ಐವತ್ತು ದಾಟಿದವರು. ಹುಟ್ಟಿ ಬೆಳೆದದ್ದು ಹಟರೈಟ್ ಎಂಬ ಕ್ರೈಸ್ತ ಪಂಗಡದ ಒಂದು ಕಾಲೊನಿಯಲ್ಲಿ. ಅಲ್ಲಿ ಹೊಲ, ಹಸು, ಟ್ರ್ಯಾಕ್ಟರು ಎಲ್ಲವೂ ಎಲ್ಲರದ್ದು. ಗಂಟೆ ಹೊಡೆದರೆ ಕಾಲೊನಿಯೆಲ್ಲ ಒಂದೇ ಊಟದ ಹಾಲಿಗೆ ಹೋಗಿ, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತು ಉಣ್ಣುತ್ತಾರಂತೆ. ಇವರ ನೆಂಟರಂತಿರುವ ಮೆನೊನೈಟ್ ಎಂಬ ಇನ್ನೊಂದು ಪಂಗಡದವರು ಇಲ್ಲಿ ಹಳ್ಳಿಗಳಿಗೆ ಬೋರ್‌ವೆಲ್ ಹಾಕಿಸುವ ಕೆಲಸ ಮಾಡುತ್ತಾರೆ. ಕಾಲೊನಿಯ ಹಿರಿಯರು ಒಪ್ಪಿ, ಯಾಕೋಬರನ್ನು ಪಂಪ್ ರಿಪೇರಿಗೆಂದು ಅವರ ಬಳಿಗೆ ಕಳಿಸಿದ್ದರು. ಆ ಪಂಪುಗಳು ನಮ್ಮ ಕಂಪನಿಯವೇ ಆದ್ದರಿಂದ ಅವರು ನಮ್ಮಲ್ಲಿಗೆ ಬಂದು ಕೆಲಸ ಮಾಡುತ್ತಿದ್ದರು.

ಪಂಪ್ ಬಿಚ್ಚಿ ಜೋಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮಾತು ಮಾತ್ರ ಅಳೆದು ತೂಗಿ. “ಸೋಮವಾರ ಬರ್ತೀರಾ?” ಎಂದು ಕೇಳಿದರೆ, “ಬರುವ ಯೋಚನೆ ಇದೆ” ಎನ್ನುತ್ತಿದ್ದರು. ಬರುತ್ತೀರೋ ಇಲ್ಲವೋ ಹೇಳಿ ಮಾರಾಯರೇ ಎಂದರೆ, “ಸೋಮವಾರ ಇನ್ನೂ ಬಂದಿಲ್ಲವಲ್ಲ” ಎನ್ನುತ್ತಿದ್ದರು. ನಾನೋ, ಸಾರಿಗೆ ಉಪ್ಪು ಸಾಕು ಎನ್ನುವುದಕ್ಕೂ ದೇವರಾಣೆ ಹಾಕುವ ಮನೆಯಲ್ಲಿ ಬೆಳೆದವನು.

ಒಂದು ಮಧ್ಯಾಹ್ನ ಇಬ್ಬರೂ ಕಂಪನಿಯ ಕಾರಿನಲ್ಲಿ ನ್ಗಾರಾ ಬಡಾವಣೆಯ ಅಂಗಡಿಗೆ ಹೋಗಿ ಬೇರಿಂಗ್ ತೆಗೆದುಕೊಂಡು ವಾಪಸ್ ಬರುತ್ತಿದ್ದೆವು. ಡ್ರೈವರ್ ಮುಟುವಾ ಗಾಡಿ ಓಡಿಸುತ್ತಿದ್ದ. ಯಾಕೋಬ್ ಅವನ ಪಕ್ಕದಲ್ಲಿದ್ದರು, ನಾನು ಹಿಂದಿನ ಸೀಟಿನಲ್ಲಿ. ಒಂದು ಸಿಗ್ನಲ್ ದಾಟುವಾಗ ಧಡ್ ಎಂದು ಸದ್ದಾಯಿತು. ತಲೆಯೆತ್ತಿ ನೋಡಿದರೆ ಬಾಡಿಗೆ ಬೈಕಿನವನೊಬ್ಬ ನಮ್ಮ ಮಡ್‌ಗಾರ್ಡಿಗೆ ಬಡಿದು ರಸ್ತೆಯ ಮೇಲೆ ಬಿದ್ದಿದ್ದ. ಅವನ ಕಾಲು ಮುರಿದಿತ್ತು. ಮುಟುವಾ ಕೆಂಪು ದೀಪ ಇದ್ದಾಗಲೇ ನುಗ್ಗಿದ ಎಂದು ಬೈಕಿನವನು ಹೇಳಿದ. ಹಸಿರು ಬಿದ್ದಿತ್ತು ಎಂದು ಮುಟುವಾ ಹೇಳಿದ. ಪೊಲೀಸರು ಮುಟುವಾನ ಮೇಲೆ ಕೇಸ್ ಹಾಕಿದರು.

ಕೇಸ್ ಸೋತರೆ ಮುಟುವಾನ ಲೈಸೆನ್ಸ್ ಹೋಗುವ ಭಯವಿತ್ತು. ಲೈಸೆನ್ಸ್ ಹೋದರೆ ಕೆಲಸ ಹೋದ ಹಾಗೆ. ಹದಿನೆಂಟು ವರ್ಷದಿಂದ ಸ್ಟಿಯರಿಂಗ್ ಬಿಟ್ಟು ಬೇರೆ ಏನನ್ನೂ ಹಿಡಿದವನಲ್ಲ ಅವನು. “ಬಾಸ್, ನೀವಿಬ್ಬರೂ ಗಾಡಿಯಲ್ಲಿದ್ದಿರಿ. ಬಂದು ಹೇಳಿದರೆ ಸಾಕು” ಎಂದ. ಕಂಪನಿಯ ವಕೀಲರು, “ನೀವೂ ಸಿಗ್ನಲ್ ನೋಡಿದಿರಿ ತಾನೆ?” ಎಂದು ಕೇಳಿದಾಗ, ದೇವರಾಣೆ ನೋಡಿದೆ ಎಂದುಬಿಟ್ಟೆ.

ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ನಾನು ಫೋನಿನಲ್ಲಿ ಬೆಂಗಳೂರಿನ ಆಫೀಸಿನ ಮೆಸೇಜ್ ಓದುತ್ತಿದ್ದೆ. ಮನೆಯಲ್ಲಿ ಹೆಂಡತಿ ಸುಮಾ ವಿಷಯ ಕೇಳಿದವಳೇ, “ನೀವು ನೋಡಿದ್ರಾ ರೀ?” ಎಂದಳು.

“ಮುಟುವಾ ಸಿಗ್ನಲ್ ಜಂಪ್ ಮಾಡೋ ಪೈಕಿ ಅಲ್ಲ ಕಣೇ.”

“ನಾನ್ ಕೇಳಿದ್ದು ಅದಲ್ಲ” ಎಂದು ಹೇಳಿ ಅವಳು ಚಪಾತಿ ಲಟ್ಟಿಸಲು ಹೋದಳು.

ಒಳ್ಳೆಯ ಮನುಷ್ಯನ ಅನ್ನ ಉಳಿಸುವ ಕೆಲಸ, ಇದರಲ್ಲಿ ತಪ್ಪೇನು ಎಂದು ನನಗೆ ನಾನೇ ಹೇಳಿಕೊಂಡೆ. ತಲೆನೋವು ಬಂದದ್ದು ಯಾಕೋಬರಿಂದ. ಅವರು ದೀಪವನ್ನು ಕಣ್ಣಾರೆ ನೋಡಿದ್ದರು, ಹಸಿರೇ ಇತ್ತು. ಕೋರ್ಟಿಗೆ ಬರಲೂ ಒಪ್ಪಿದರು. “ಆದರೆ ನಾನು ಆಣೆ ಇಡುವುದಿಲ್ಲ” ಎಂದರು. ನನಗೆ ತಮಾಷೆ ಅನ್ನಿಸಿತು.

“ಪುಸ್ತಕದ ಮೇಲೆ ಕೈಯಿಟ್ಟು ಒಂದು ಸಾಲು ಹೇಳುವುದಪ್ಪ. ಅದೂ ನಿಮ್ಮದೇ ಧರ್ಮಗ್ರಂಥ” ಎಂದೆ.

“ನಮ್ಮ ಜನ ಇಡುವುದಿಲ್ಲ. ಆಣೆ ಇಟ್ಟ ದಿನ ಮಾತ್ರ ನಿಜ ಹೇಳುತ್ತೇನೆ ಅಂದರೆ, ಮಿಕ್ಕ ದಿನ ಸುಳ್ಳು ಹೇಳುತ್ತೇನೆ ಅಂತ ಆಯಿತಲ್ಲ” ಎಂದರು.

ಮೂರು ವಾರ ಅವರ ಹಿಂದೆ ಬಿದ್ದೆ. ಚಹಾ ಕುಡಿಸಿ ಹೇಳಿದೆ, ಊಟಕ್ಕೆ ಕರೆದು ಹೇಳಿದೆ, ಲಾರಿಗಳ ಜಾಮ್‌ನಲ್ಲಿ ಸಿಕ್ಕಿಕೊಂಡಾಗ ಗಂಟೆಗಟ್ಟಲೆ ಹೇಳಿದೆ. ನಮ್ಮ ಕಡೆ ಜಗಳವಾದರೆ ಧರ್ಮಸ್ಥಳಕ್ಕೆ ಹೋಗಿ ಆಣೆ ಮಾಡುತ್ತಾರೆ, ಹಿಂಜರಿದವನೇ ಕಳ್ಳ ಎಂದು ಜನ ತಿಳಿಯುತ್ತಾರೆ ಎಂದೂ ವಿವರಿಸಿದೆ. ಅವರು ಶಾಂತವಾಗಿ ತಮ್ಮ ಪೂರ್ವಿಕರ ಕಥೆ ತೆಗೆದರು. ಸುಮಾರು ಐನೂರು ವರ್ಷದ ಹಿಂದೆ ಯುರೋಪಿನಲ್ಲಿ, ದೊರೆಗಳ ಮುಂದೆ ಆಣೆ ಇಡುವುದಿಲ್ಲ, ಕತ್ತಿ ಹಿಡಿಯುವುದಿಲ್ಲ ಎಂದವರನ್ನು ಸುಟ್ಟರಂತೆ, ನದಿಯಲ್ಲಿ ಮುಳುಗಿಸಿದರಂತೆ. ಉಳಿದವರು ದೇಶದಿಂದ ದೇಶಕ್ಕೆ ಓಡುತ್ತಾ ರಷ್ಯಾ ಸೇರಿ, ಅಲ್ಲಿಂದ ಅಮೆರಿಕ, ಕೆನಡಾ ಸೇರಿದರಂತೆ. ನನಗೆ ಮೈಯೆಲ್ಲ ಉರಿಯಿತು. ಆ ಕಥೆಗೂ ಮುಟುವಾನ ಲೈಸೆನ್ಸಿಗೂ ಏನು ಸಂಬಂಧ?

“ಬೇರೆ ದಾರಿ ಇರಬಹುದು, ವಕೀಲರನ್ನು ಕೇಳೋಣ” ಎಂದು ಅವರು ಎರಡು ಸಲ ಹೇಳಿದರು. ವಕೀಲರಿಗೆ ಗೊತ್ತಾದರೆ ಈ ಸಾಕ್ಷಿಯನ್ನೇ ಕೈಬಿಡುತ್ತಾರೆ ಎಂದು ಹೆದರಿ ನಾನು ಬಾಯಿ ಬಿಡಲಿಲ್ಲ.

ಇಷ್ಟು ಸಾಲದು ಎಂಬಂತೆ, ಈ ಮಹಾನುಭಾವರು ಪ್ರತಿ ಭಾನುವಾರ ಆಸ್ಪತ್ರೆಗೆ ಹೋಗಿ ಬೈಕಿನವನನ್ನು ನೋಡಿ ಬರುತ್ತಿದ್ದಾರೆ ಎಂದು ತಿಳಿಯಿತು. ತಾವೇ ಬೇಯಿಸಿದ ಬ್ರೆಡ್ಡನ್ನೂ ಒಯ್ಯುತ್ತಿದ್ದರು. “ಅವನು ಎದುರು ಪಾರ್ಟಿ” ಎಂದು ನಾನು ಕೂಗಾಡಿದೆ. “ಅವನ ಕಾಲು ಮುರಿದಿದೆ” ಎಂದರು. ಅವನೊಂದಿಗೆ ಏನು ಮಾತಾಡಿದಿರಿ ಎಂದು ಕೇಳಿದರೆ, “ನಮಗೆ ಹಸಿರು ದೀಪ ಇತ್ತು ಅಂತ ಅವನಿಗೂ ಹೇಳಿದೆ” ಎಂದರು. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ವಿಚಾರಣೆಯ ದಿನ ಬಂತು. ಮೊದಲು ನನ್ನನ್ನು ಕರೆದರು. ಹಿಂದೂಗಳಿಗೆಂದು ಇಟ್ಟಿದ್ದ ಗ್ರಂಥವನ್ನು ಹಿಡಿದು ಗಟ್ಟಿ ದನಿಯಲ್ಲಿ ಪ್ರಮಾಣ ಮಾಡಿದೆ. ದೀಪ ಹಸಿರಿತ್ತು, ನಾನೇ ಕಣ್ಣಾರೆ ನೋಡಿದೆ ಎಂದೆ. ಸರ್ಕಾರಿ ವಕೀಲರು ಹೆಚ್ಚೇನೂ ಕೇಳಲಿಲ್ಲ. ಗೆದ್ದವನ ಹಾಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ.

ಆಮೇಲೆ ಯಾಕೋಬ್ ಒಳಗೆ ಬಂದರು. ಕಪ್ಪು ಕೋಟು, ಗಡ್ಡ, ಎಣ್ಣೆ ಮಸಿ ಹೋಗದ ಉಗುರುಗಳು. ಗುಮಾಸ್ತ ಪುಸ್ತಕ ಮುಂದೆ ಹಿಡಿದ. “ಕ್ಷಮಿಸಿ, ನಾನು ಆಣೆ ಇಡುವುದಿಲ್ಲ” ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ಎಲ್ಲ ಮುಗಿಯಿತು ಎಂದುಕೊಂಡೆ.

ಗುಮಾಸ್ತ ಅವರ ಮುಖವನ್ನೂ ನೋಡದೆ, ಕೈಯಲ್ಲಿದ್ದ ರಟ್ಟಿನ ಕಾರ್ಡನ್ನು ತಿರುಗಿಸಿ, “ಹಾಗಾದರೆ ಈ ಕಡೆಯದು ಓದಿ” ಎಂದ. ದೇವರ ಹೆಸರಿಲ್ಲದೆ, ನಿಜ ಹೇಳುತ್ತೇನೆಂದು ಮಾತು ಕೊಡುವ ಎರಡು ಸಾಲು ಅದರಲ್ಲಿತ್ತು. ಯಾಕೋಬ್ ಓದಿದರು. ಅಷ್ಟೇ. ಮೂರು ವಾರ ನಾನು ಬಿಪಿ ಏರಿಸಿಕೊಂಡದ್ದು ಆ ಕಾರ್ಡಿನ ಇನ್ನೊಂದು ಮಗ್ಗುಲಿಗಾಗಿ.

ದೀಪ ಹಸಿರಿತ್ತು ಎಂದು ಯಾಕೋಬ್ ಹೇಳಿದರು. ಗಾಡಿಯ ವೇಗ ಎಷ್ಟಿತ್ತು ಎಂದು ಸರ್ಕಾರಿ ವಕೀಲರು ಕೇಳಿದರು. “ಗೊತ್ತಿಲ್ಲ, ನಾನು ಮೀಟರ್ ನೋಡಲಿಲ್ಲ.” ಡ್ರೈವರ್ ಮಾತಾಡುತ್ತಿದ್ದನೇ? “ಹೌದು, ಮಗಳ ಪರೀಕ್ಷೆಯ ವಿಷಯ ಹೇಳುತ್ತಿದ್ದ.” ಮುಟುವಾ ತಲೆ ತಗ್ಗಿಸಿದ. ನಿಮ್ಮ ಸ್ನೇಹಿತರೂ ಸಿಗ್ನಲ್ ನೋಡುತ್ತಿದ್ದರು, ಅಲ್ಲವೇ?

ಯಾಕೋಬ್ ನನ್ನ ಕಡೆ ತಿರುಗಿದರು. ಸುಮ್ಮನಿರಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

“ಇಲ್ಲ. ಅವರು ಫೋನ್ ನೋಡುತ್ತಿದ್ದರು. ಡಿಕ್ಕಿಯಾದಾಗ ನಾನು ಹಿಂದೆ ತಿರುಗಿದೆ, ಅವರು ಫೋನಿನಿಂದ ತಲೆಯೆತ್ತಿ, ಏನಾಯಿತು ಅಂತ ನನ್ನನ್ನು ಕೇಳಿದರು.”

ಕೋರ್ಟಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಒಬ್ಬ ಸಾಕ್ಷಿ ಸುಳ್ಳು ಹೇಳಿದ್ದಾರೆ, ಇನ್ನೊಬ್ಬರನ್ನು ಯಾಕೆ ನಂಬಬೇಕು ಎಂದು ಸರ್ಕಾರಿ ವಕೀಲರು ಹಿಡಿದುಕೊಂಡರು. ಮುಟುವಾನ ಮುಖದಲ್ಲಿ ರಕ್ತವಿರಲಿಲ್ಲ. ಅವನನ್ನು ಉಳಿಸಲು ಹೋಗಿ ನಾನೇ ಮುಳುಗಿಸಿದ್ದೆ.

ತೀರ್ಪಿಗೆ ಹತ್ತು ದಿನವಿತ್ತು. ಹತ್ತು ದಿನವೂ ಮುಟುವಾ ನನ್ನನ್ನು ಆಫೀಸಿಗೆ ಬಿಟ್ಟ, ಮನೆಗೆ ಬಿಟ್ಟ, ಒಂದು ಮಾತೂ ಆಡಲಿಲ್ಲ.

ತೀರ್ಪು ಓದಿದ ಮ್ಯಾಜಿಸ್ಟ್ರೇಟ್ ವಯಸ್ಸಾದ ಹೆಂಗಸು. ನನ್ನ ಹೇಳಿಕೆಯನ್ನು ಪಕ್ಕಕ್ಕಿಟ್ಟಿದ್ದೇನೆ ಎಂದರು. ಎರಡನೆಯ ಸಾಕ್ಷಿ ತನ್ನನ್ನು ಕರೆತಂದವರಿಗೆ ತೊಂದರೆಯಾಗುವುದನ್ನೂ ಮುಚ್ಚಿಡಲಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು, ಹಾಗಾಗಿ ದೀಪದ ವಿಷಯದಲ್ಲಿ ಅವರನ್ನು ನಂಬುತ್ತೇನೆ ಎಂದರು. ಮುಟುವಾ ಬಿಡುಗಡೆಯಾದ. ಆಮೇಲೆ ಮ್ಯಾಜಿಸ್ಟ್ರೇಟ್ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ನಿಮ್ಮ ಮೇಲೆ ಕೇಸ್ ಹಾಕಿಸದೆ ಬಿಡುತ್ತಿದ್ದೇನೆ, ಇನ್ನೊಮ್ಮೆ ಆ ಗ್ರಂಥ ಮುಟ್ಟುವ ಮುಂಚೆ ಯೋಚನೆ ಮಾಡಿ ಎಂದರು.

ಹೊರಗೆ ಮುಟುವಾ ಯಾಕೋಬರ ಎರಡೂ ಕೈ ಹಿಡಿದು “ಅಸಾಂಟೆ, ಅಸಾಂಟೆ” ಎಂದು ಸ್ವಾಹಿಲಿಯಲ್ಲಿ ಧನ್ಯವಾದ ಹೇಳುತ್ತಾ ಅತ್ತ. ಬಳಿಕ ನನ್ನ ಬಳಿ ಬಂದು, “ಬಾಸ್, ನೀವು ಫೋನಿನಲ್ಲಿದ್ದದ್ದು ನನಗೂ ಕನ್ನಡಿಯಲ್ಲಿ ಕಂಡಿತ್ತು. ನನಗೋಸ್ಕರವೇ ಸುಳ್ಳು ಹೇಳಿದಿರಿ, ಗೊತ್ತು. ಆದರೆ ಈ ಹತ್ತು ದಿನ ನಾನು ನಿದ್ದೆ ಮಾಡಿಲ್ಲ” ಎಂದ.

ಕಾರಿನಲ್ಲಿ ತಡೆಯಲಾರದೆ ಯಾಕೋಬರನ್ನು ಕೇಳಿದೆ, “ಫೋನಿನ ವಿಷಯ ಹೇಳಲೇಬೇಕಿತ್ತಾ?”

“ಅವರು ಕೇಳಿದರು” ಎಂದರು.

ಯಾಕೋಬ್ ಈಗ ಕೆನಡಾಕ್ಕೆ ವಾಪಸ್ ಹೋಗಿದ್ದಾರೆ. ಅವರನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಅದರಲ್ಲಿ ಎಷ್ಟು ಪಾಲು ಅವರ ಮೇಲಿನದು, ಎಷ್ಟು ನನ್ನ ಮೇಲಿನದು ಎಂದು ವಿಂಗಡಿಸಲು ಆಗುತ್ತಿಲ್ಲ. ಮೊನ್ನೆ ಮನೆಯಿಂದ ಹೊರಟು ಲಿಫ್ಟಿನ ಮುಂದೆ ನಿಂತಾಗ ಸುಮಾ, “ಗ್ಯಾಸ್ ಆಫ್ ಮಾಡಿದ್ರಾ ರೀ?” ಎಂದಳು. ದೇವರಾಣೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಜೇಬಿನಿಂದ ಬೀಗದಕೈ ತೆಗೆದು, ಬಾಗಿಲು ತೆರೆದು, ಅಡುಗೆಮನೆಗೆ ಹೋಗಿ ನೋಡಿದೆ. ಸಣ್ಣ ಉರಿಯಲ್ಲಿ ಒಲೆ ಉರಿಯುತ್ತಿತ್ತು.