ಸಿಸ್ಟರ್ ಕೊಟ್ಟ ಡಬ್ಬಿ

ಬಸ್ಸಿನಲ್ಲಿ ಬಾಟಲಿ ಒಡೆಯಬಹುದು, ಔಷಧದ ನೀರು ಸೋರಬಹುದು, ಲ್ಯಾಬಿನಲ್ಲಿ ನನ್ನ ಚೀಟಿ ಬೇರೆಯವರ ಬಾಟಲಿಗೆ ಅಂಟಬಹುದು, ಕೊನೆಗೆ ವರದಿಯಲ್ಲಿ ಕ್ಯಾನ್ಸರ್ ಎಂದೇ ಬರಬಹುದು. ಚಿಂತೆಯಲ್ಲಿ ನಾನು ಯಾವತ್ತೂ ಏನನ್ನೂ ಬಿಟ್ಟವಳಲ್ಲ. ಮುಟ್ಟು ನಿಂತು ಎರಡು ವರ್ಷದ ಮೇಲೆ ಮತ್ತೆ ರಕ್ತ ಕಂಡಿತ್ತು. ಪರೀಕ್ಷೆಗೆಂದು ತೆಗೆದ ಗರ್ಭಕೋಶದ ಒಳಪದರದ ಚೂರನ್ನು ಔಷಧದ ನೀರಿನ ಬಾಟಲಿಯಲ್ಲಿ ಆಗೆಲ್ಲ ನಾವೇ ಮಂಗಳೂರಿನ ಲ್ಯಾಬಿಗೆ ಒಯ್ಯಬೇಕಿತ್ತು.

ಚೂರು ತೆಗೆದ ಕುಮಟಾದ ಆಸ್ಪತ್ರೆಯ ಸಿಸ್ಟರ್ ಮಾತಾಡುವಾಗೆಲ್ಲ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು, ಕೊನೆಗೊಂದು ‘ಆತಲ್ಲ?’ ಸೇರಿಸುತ್ತಿದ್ದರು.

“ಅತ್ತಿಗೆಯ ಹಾರ್ಮೋನ್ ಮಾತ್ರೆ ನೀವು ನುಂಗಿದ್ರಿ, ಅಲ್ದಾ ಅಕ್ಕಾ?”

“ಮೈಯೆಲ್ಲ ಬಿಸಿಯಾಗ್ತಿತ್ತು. ಅವ್ರಿಗೆ ಹಿತ ಆಗಿತ್ತಲ್ಲ ಅಂತ...”

“ಉಪ್ಪಿನಕಾಯಿ ಹಂಚಿದ ಹಾಗೆ ಮಾತ್ರೆ ಹಂಚ್ತ್ರಿ! ಮುಟ್ಟು ನಿಂತ್ರೂ ಒಳಪದರಕ್ಕೆ ಕಿವಿ ಇರ್ತದೆ, ರಿಸೆಪ್ಟರ್ ಅಂತಾರೆ. ಹಾರ್ಮೋನ್ ಕರೆದ್ರೆ ಕೇಳ್ತದೆ, ಮತ್ತೆ ದಪ್ಪ ಆಗ್ತದೆ. ಅಷ್ಟೇ ಆಗಿರ್ಬಹುದು. ಆತಲ್ಲ?”

ಆಗಲಿಲ್ಲ, ಬಾಟಲಿ ದಾರಿಯಲ್ಲಿ ಒಡೆದರೆ ಏನು ಗತಿ ಎಂದು ಮತ್ತೆ ಕೇಳಿದೆ. ಅವರು ತಮ್ಮ ಊಟದ ಡಬ್ಬಿಯ ಅನ್ನವನ್ನು ಕಾಗದಕ್ಕೆ ಸುರಿದು, ಡಬ್ಬಿ ತೊಳೆದು, ಬಾಟಲಿಯನ್ನು ಹತ್ತಿಯಲ್ಲಿ ಸುತ್ತಿ ಅದರೊಳಗಿಟ್ಟರು.

“ಇನ್ನು ಬಸ್ಸು ಮಗುಚಿದ್ರೂ ಒಡೆಯೂದಿಲ್ಲ.”

ಒಡೆಯಲಿಲ್ಲ, ಸೋರಲಿಲ್ಲ. ಅಂಚೆಯಲ್ಲಿ ಬಂದ ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಮಾತ್ರೆ ಕರೆದದ್ದಕ್ಕೆ ಒಳಪದರ ಓಗೊಟ್ಟು ದಪ್ಪವಾಗಿತ್ತು, ಅಷ್ಟೇ. ಹೇಳಲು ಓಡಿ ಹೋದಾಗ ಸಿಸ್ಟರ್ ಬಾಳೆಲೆಯ ಪೊಟ್ಟಣ ಬಿಚ್ಚಿ ಊಟ ಮಾಡುತ್ತಿದ್ದರು. ಅವರ ಡಬ್ಬಿಯನ್ನು ನಾನು ಮಂಗಳೂರಿನಲ್ಲೇ ಮರೆತು ಬಂದಿದ್ದೆ.